ನಕ್ಷೆಯ ಮೇಲೊಂದು ಪ್ರಶ್ನೆ



ಮನೆ ಕಟ್ಟುವವರು ನಕ್ಷೆ ಹಿಡಿದು ನಗರಸಭೆಯ ಮೆಟ್ಟಿಲು ಹತ್ತುವುದು ಮಂಜೂರಾತಿಗಾಗಿ. ಸೆಟ್‌ಬ್ಯಾಕ್ ಎಷ್ಟು, ಮಹಡಿ ಎಷ್ಟು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಕೊಡಬೇಕು. ಈ ಕಟ್ಟಡಕ್ಕೆ ಎಷ್ಟು ವಿದ್ಯುತ್, ಎಷ್ಟು ಇಂಧನ ಬೇಕು ಎಂದೂ ಅಲ್ಲೇ ಕೇಳಿದರೆ ಹೇಗೆ? ಇಂಗ್ಲೆಂಡಿನ ಒಂದು ಸ್ಥಳೀಯ ಸಂಸ್ಥೆ ಇಪ್ಪತ್ತು ವರ್ಷಗಳಿಗೂ ಹಿಂದೆ ಹಾಗೆ ಕೇಳಿತು.

ಅದು ಲಂಡನ್ನಿನ ನೈಋತ್ಯದ ಮರ್ಟನ್. ಟೆನಿಸ್‌ಗೆ ಹೆಸರಾದ ವಿಂಬಲ್ಡನ್ ಇರುವುದು ಅಲ್ಲಿಯೇ. 2003ರಲ್ಲಿ ಅಲ್ಲಿನ ಕೌನ್ಸಿಲ್ ಒಂದು ನಿಯಮ ತಂದಿತು. 1,000 ಚದರ ಮೀಟರ್ ಮೀರಿದ ವಸತಿಯೇತರ ಹೊಸ ಕಟ್ಟಡಗಳು ತಮಗೆ ಬೇಕಾದ ಶಕ್ತಿಯಲ್ಲಿ ಕನಿಷ್ಠ ಶೇ 10ನ್ನು ಸೂರ್ಯ, ಗಾಳಿಯಂಥ ಮೂಲಗಳಿಂದ ಆ ನಿವೇಶನದಲ್ಲೇ ಪಡೆಯಬೇಕು.

ಇದರಲ್ಲೊಂದು ಜಾಣತನವಿತ್ತು. ಕಟ್ಟಡದ ಬಳಕೆ ತಗ್ಗಿದಷ್ಟೂ ಆ ಶೇ 10ರ ಗಾತ್ರವೂ ತಗ್ಗುತ್ತದೆ. ಹಾಗಾಗಿ ಗೋಡೆ, ಕಿಟಕಿ, ಚಾವಣಿಯನ್ನು ಮೊದಲು ಸರಿಯಾಗಿ ಕಟ್ಟುವುದೇ ಲಾಭ. 'ಮರ್ಟನ್ ನಿಯಮ' ಇತರ ಊರುಗಳಿಗೂ ಹಬ್ಬಿತು. 2008ರ ಯೋಜನೆ ಮತ್ತು ಇಂಧನ ಕಾಯ್ದೆ ಸ್ಥಳೀಯ ಸಂಸ್ಥೆಗಳ ಇಂಥ ಅಧಿಕಾರಕ್ಕೆ ಶಾಸನದ ಬಲ ಕೊಟ್ಟಿತು.

ವಿರೋಧವೂ ಇತ್ತು. ಊರಿಗೊಂದು ನಿಯಮವಾದರೆ ವೆಚ್ಚ ಏರುತ್ತದೆ, ಮನೆಗಳು ಬೇಗ ಏಳುವುದಿಲ್ಲ ಎಂಬುದು ಬಿಲ್ಡರುಗಳ ವಾದ. ಮನೆಗಳ ಕೊರತೆ ಇರುವಲ್ಲಿ ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. 2016ರಿಂದ ಹೊಸ ಮನೆಗಳೆಲ್ಲ ಶೂನ್ಯ ಇಂಗಾಲದವಾಗಬೇಕೆಂಬ ರಾಷ್ಟ್ರೀಯ ಗುರಿಯನ್ನು ಬ್ರಿಟಿಷ್ ಸರ್ಕಾರ 2015ರಲ್ಲಿ ಕೈಬಿಟ್ಟಿತು. ಆದರೆ ಬಿಲ್ಡರ್ ಮನೆ ಮಾರಿ ಹೊರಡುತ್ತಾನೆ. ಐವತ್ತು ವರ್ಷ ಬಿಲ್ಲು ಕಟ್ಟುವವರು ಅದರಲ್ಲಿ ವಾಸಿಸುವವರು.

ಬಾತ್ ನಗರವನ್ನೊಳಗೊಂಡ ಕೌನ್ಸಿಲ್ 2023ರಲ್ಲಿ ಇನ್ನೂ ಮುಂದೆ ಹೋಯಿತು. ಹೊಸ ಮನೆಯನ್ನು ಬೆಚ್ಚಗಿಡಲು ಚದರ ಮೀಟರಿಗೆ ವರ್ಷಕ್ಕೆ 30 ಯೂನಿಟ್, ಎಲ್ಲ ಬಳಕೆ ಸೇರಿ 40 ಯೂನಿಟ್ ಎಂದು ಮಿತಿ ಹಾಕಿತು. ಉಪಕರಣದ ಲೆಕ್ಕ ಹೋಗಿ ಇಡೀ ಮನೆಯ ಲೆಕ್ಕ ಬಂತು.

ಕರ್ನಾಟಕಕ್ಕೂ ಈ ದಾರಿ ಅಪರಿಚಿತವಲ್ಲ. 2007ರಲ್ಲಿ ರಾಜ್ಯ ಸರ್ಕಾರ ನಗರಗಳ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಬೆಂಗಳೂರಿನಲ್ಲಿ ಬೆಸ್ಕಾಂ ಅದನ್ನು ವಿದ್ಯುತ್ ಸಂಪರ್ಕಕ್ಕೆ ತಳುಕು ಹಾಕಿತು. ಸಂಪರ್ಕ ಎಲ್ಲರಿಗೂ ಬೇಕು. ಆದ್ದರಿಂದ ಬೆಂಗಳೂರಿನ ತಾರಸಿಗಳ ಮೇಲೆ ಹೀಟರುಗಳು ಸಾಲುಗಟ್ಟಿದವು.

ಆದರೆ ಹೀಟರಿನಿಂದ ಮನೆ ತಂಪಾಗದು. ಇಲ್ಲಿ ಮಧ್ಯಾಹ್ನದ ಸೂರ್ಯ ಎತ್ತರದಲ್ಲಿರುವುದರಿಂದ ದಕ್ಷಿಣದ ಕಿಟಕಿಗೆ ಒಂದು ಸಜ್ಜೆ ಸಾಕು. ಪಶ್ಚಿಮದ ಇಳಿಬಿಸಿಲು ಸಜ್ಜೆಯ ಕೆಳಗೆ ನುಸುಳುತ್ತದೆ. ಅಲ್ಲಿ ನೆರಳಿಲ್ಲದ ಗಾಜಿನ ಗೋಡೆ ಎಬ್ಬಿಸಿದರೆ ಬೇಸಿಗೆಯಲ್ಲಿ ಏಸಿ ಬೇಕೇಬೇಕು. ಮಲೆನಾಡು, ಕರಾವಳಿಗಳಲ್ಲಿ ಅಗಲ ಸೂರು, ಜಗಲಿ, ತೊಟ್ಟಿ ಇಟ್ಟು ಕಟ್ಟಿದವರಿಗೆ ಬಿಸಿಲು ಮಳೆಗಳ ಈ ಲೆಕ್ಕ ಗೊತ್ತಿತ್ತು.

ಹೀಟರನ್ನು ಹತ್ತು ವರ್ಷ ಬಿಟ್ಟೂ ಕೂರಿಸಬಹುದು. ಗೋಡೆಯ ದಿಕ್ಕನ್ನು ಆಮೇಲೆ ತಿರುಗಿಸಲಾಗದು. ಅದಕ್ಕೆ ಇರುವ ಸಮಯ ನಕ್ಷೆಗೆ ಮೊಹರು ಬೀಳುವ ಮುನ್ನ ಮಾತ್ರ. ಪಶ್ಚಿಮಕ್ಕೆ ನೆರಳೆಲ್ಲಿ, ಗಾಳಿ ಎಲ್ಲಿಂದ ಬಂದು ಎಲ್ಲಿ ಹೋಗುತ್ತದೆ ಎಂದು ನಗರಸಭೆ ಆಗಲೇ ಕೇಳಬೇಕು. ಕಟ್ಟಿ ಮುಗಿದ ಮೇಲೆ ನಕ್ಷೆಯಲ್ಲಿದ್ದ ಸಜ್ಜೆ ಗೋಡೆಯ ಮೇಲೂ ಇದೆಯೇ ಎಂದು ಎಂಜಿನಿಯರ್ ಹೋಗಿ ನೋಡಬೇಕು.