ಕೊರಳಪಟ್ಟಿಯ ಚೀಟಿ

ಪರದೇಶದಲ್ಲಿರುವ ನನ್ನ ಮಗ ಕಳೆದ ಬಾರಿ ಊರಿಗೆ ಬಂದಾಗ ನನಗೊಂದು ಅಂಗಿ ತಂದಿದ್ದ. ಕೊರಳಪಟ್ಟಿಯ ಒಳಗೆ ಹೊಲಿದಿದ್ದ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದೆ: ಬಾಂಗ್ಲಾದೇಶದಲ್ಲಿ ತಯಾರಾದುದು. ನೆರೆನಾಡಿನಲ್ಲಿ ಹೊಲಿದ ಅಂಗಿ ಸಮುದ್ರ ದಾಟಿ, ಯೂರೋಪಿನ ಅಂಗಡಿಯನ್ನು ಸೇರಿ, ಅಲ್ಲಿಂದ ಮರಳಿ ನಮ್ಮ ಮನೆಯ ಗೋಡೆಯ ಮೊಳೆಗೆ ಬಂದಿತ್ತು. ಜಾಗತೀಕರಣವೆಂಬ ದೊಡ್ಡ ಮಾತಿಗೆ ಇದಕ್ಕಿಂತ ಸರಳವಾದ ನಿದರ್ಶನ ನನಗೆ ತೋರದು. ಸರಕಿಗೆ ಯಾವ ಗಡಿಯೂ ಅಡ್ಡ ಬರಲಿಲ್ಲ. ಅದನ್ನು ಹೊಲಿದವರ ಹಕ್ಕಿಗೆ ಮಾತ್ರ ಗಡಿ ಏಕೆ ಅಡ್ಡ ಬರಬೇಕು ಎಂಬುದೇ ಇಂದು ನಾನು ವಿಚಾರ ಮಾಡಬಯಸುವ ಪ್ರಶ್ನೆ.

'ಹಕ್ಕು' ಎಂಬ ಪದವೂ ದೂರದಿಂದ ಬಂದುದೇ. ಅರಬ್ಬಿಯಲ್ಲಿ ಹುಟ್ಟಿ, ಪಾರಸಿ ಹಿಂದೂಸ್ತಾನಿಗಳ ಮೂಲಕ ಕನ್ನಡಕ್ಕೆ ಇಳಿದು, ಈಗ ಮನೆಯ ಮಗುವಿನಂತೆ ಬೆರೆತುಹೋಗಿದೆ. ಬಂಗಾಳಿಯಲ್ಲಿಯೂ ಅದು 'ಹಕ್' ಆಗಿ ಉಳಿದಿದೆ. ವಿಶ್ವಸಂಸ್ಥೆಯು 1948ರ ಡಿಸೆಂಬರ್ 10ರಂದು ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಅಂಗೀಕರಿಸಿದಾಗ, ಅದರ ಮೊದಲ ವಿಧಿಯಲ್ಲಿ ಪುರುಷರೆಂಬ ಅರ್ಥಕ್ಕೆ ಎಡೆಗೊಡುತ್ತಿದ್ದ ಪದ ಹೋಗಿ 'ಎಲ್ಲ ಮಾನವರು' ಎಂಬರ್ಥದ ಪದ ಬರುವಂತೆ ಪಟ್ಟುಹಿಡಿದವರು ನಮ್ಮ ಹಂಸಾ ಮೆಹತಾ. ದುಡಿಮೆಯ ನ್ಯಾಯಯುತ ಪರಿಸ್ಥಿತಿಯನ್ನೂ ಸಂಘ ಕಟ್ಟುವ ಹಕ್ಕನ್ನೂ ಹೇಳುವುದು ಅದರ 23ನೆಯ ವಿಧಿ. ಹೇಳಿದ್ದಾಯಿತು. ಆದರೆ ಅದಕ್ಕೆ ಉತ್ತರ ಕೊಡಬೇಕಾದವರು ಯಾರು?

ಢಾಕಾದ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಬಹುಮಹಡಿ ಕಟ್ಟಡವೊಂದಿತ್ತು. ಅದರಲ್ಲಿ ಅಂಗಡಿಗಳು, ಒಂದು ಬ್ಯಾಂಕಿನ ಶಾಖೆ, ಮೇಲೆ ಐದು ಉಡುಪು ಕಾರ್ಖಾನೆಗಳು. 2013ರ ಏಪ್ರಿಲ್ 23ರಂದು ಕಟ್ಟಡದಲ್ಲಿ ಬಿರುಕುಗಳು ಕಾಣಿಸಿಕೊಂಡವು. ಬ್ಯಾಂಕಿನವರು ತಮ್ಮ ನೌಕರರನ್ನು ಮನೆಗೆ ಕಳುಹಿಸಿದರು, ಅಂಗಡಿಗಳು ಮುಚ್ಚಿದವು. ಮರುದಿನ ಬೆಳಗ್ಗೆ ಹೊಲಿಗೆಯವರನ್ನು ಮಾತ್ರ ಒಳಗೆ ಕರೆಯಲಾಯಿತು. ಬಾರದಿದ್ದರೆ ಸಂಬಳ ತಡೆಹಿಡಿಯುವುದಾಗಿ ಬೆದರಿಸಿದರೆಂದು ಬದುಕಿ ಉಳಿದವರು ಹೇಳಿದರು. ವಿದ್ಯುತ್ ಹೋಯಿತು, ಮೇಲಿನ ಮಹಡಿಗಳಲ್ಲಿದ್ದ ಜನರೇಟರುಗಳು ಚಾಲನೆಗೊಂಡವು, ಒಂಬತ್ತು ಗಂಟೆಗೆ ಮುನ್ನವೇ ಕಟ್ಟಡ ಕುಸಿಯಿತು. ಸತ್ತವರು 1,100ಕ್ಕೂ ಹೆಚ್ಚು.

ಕೇಳುಗರೇ, ನನ್ನನ್ನು ಬಿಡದೆ ಕಾಡುವುದು ಈ ಸಂಖ್ಯೆಗಿಂತ ಹೆಚ್ಚಾಗಿ ಆ ಬ್ಯಾಂಕಿನ ಶಾಖೆ. ಗೋಡೆ ಒಂದೇ, ಬಿರುಕು ಒಂದೇ. ಬ್ಯಾಂಕಿನ ಗುಮಾಸ್ತನ ಜೀವಕ್ಕೆ ಹೊಣೆ ಹೊರಲು ಒಂದು ಸಂಸ್ಥೆ ಇತ್ತು. ಮೇಲಿನ ಮಹಡಿಯ ಹುಡುಗಿಗೆ ಇದ್ದುದು ತಿಂಗಳಿಗೆ 3,000 ಟಾಕಾದ ಕನಿಷ್ಠ ವೇತನ, ಮತ್ತು ಹಡಗಿಗೆ ಹೊತ್ತಿಗೆ ಸರಿಯಾಗಿ ಸರಕು ಏರಿಸಬೇಕೆಂಬ ಧಣಿಯ ಆತುರ. ತಡವಾದರೆ ಬೆಲೆ ಕಡಿತವಾಗುವ ಭಯ ಧಣಿಗೂ ಇತ್ತೆನ್ನಿ. ಅವನ ತಪ್ಪು ಅದರಿಂದ ಕಡಿಮೆಯಾಗದು. ಆ ಐದು ಕಾರ್ಖಾನೆಗಳಲ್ಲಿ ಒಂದರಲ್ಲೂ ಕಾರ್ಮಿಕ ಸಂಘವಿರಲಿಲ್ಲ. 'ನಾವು ಒಳಗೆ ಹೋಗೆವು' ಎಂಬ ಮಾತನ್ನು ಒಬ್ಬಳೇ ಹೇಳಿದರೆ ಕೆಲಸ ಹೋಗುತ್ತದೆ. ಎಲ್ಲರೂ ಕೂಡಿ ಹೇಳಲು ಆ ಬೆಳಗ್ಗೆ ಅಲ್ಲಿ ಏರ್ಪಾಡಿರಲಿಲ್ಲ.

ಆಮೇಲೆ ನಡೆದುದು ಇನ್ನೂ ವಿಚಿತ್ರ. ಯಾವ ಯಾವ ವಿದೇಶೀ ಕಂಪನಿಗಳ ಉಡುಪು ಅಲ್ಲಿ ತಯಾರಾಗುತ್ತಿತ್ತೆಂದು ತೋರಿಸಲು ಕಾರ್ಮಿಕರ ಪರವಾದವರು ಅವಶೇಷಗಳ ನಡುವೆ ಅಂಗಿಯ ಚೀಟಿಗಳನ್ನು ಹುಡುಕಿ ಆಯ್ದರು. ನಾನು ಕನ್ನಡಕ ಹಾಕಿಕೊಂಡು ಓದಿದೆನಲ್ಲ, ಅಂಥವೇ ಚೀಟಿಗಳು. ಗುತ್ತಿಗೆ, ಒಳಗುತ್ತಿಗೆಗಳ ಮಡಿಕೆಗಳಲ್ಲಿ ಹೆಸರುಗಳು ಅಷ್ಟು ಜಾಣತನದಿಂದ ಅಡಗಿದ್ದವು.

ಇಂಥ ಬಟ್ಟೆಯನ್ನು ಕೊಳ್ಳಲೇಬಾರದೆನ್ನುವ ಸಜ್ಜನರಿದ್ದಾರೆ. ನಾನು ಅವರ ಪಕ್ಷದವನಲ್ಲ. ಹಳ್ಳಿಯಿಂದ ಬಂದ ಲಕ್ಷಾಂತರ ಹೆಣ್ಣುಮಕ್ಕಳ ಕೈಗೆ ಮೊದಲ ಬಾರಿಗೆ ಸ್ವಂತ ಸಂಬಳವಿತ್ತುದು ಈ ಉದ್ಯಮವೇ. ಅದನ್ನು ಕಸಿದು ಅವರ ಹಕ್ಕನ್ನು ಕಾಪಾಡುವುದೆಂತು? ನನಗೆ ಹೆಚ್ಚು ಭರವಸೆ ತಂದುದು 2013ರ ಮೇ ತಿಂಗಳಲ್ಲಿ ಆದ ಒಪ್ಪಂದ. ಕಾರ್ಖಾನೆಗಳ ಬೆಂಕಿ ಮತ್ತು ಕಟ್ಟಡ ಸುರಕ್ಷತೆಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಒಕ್ಕೂಟಗಳೂ ಇನ್ನೂರಕ್ಕೂ ಮಿಕ್ಕ ಖರೀದಿದಾರ ಕಂಪನಿಗಳೂ ಕಾಲಕ್ರಮದಲ್ಲಿ ಅದಕ್ಕೆ ಸಹಿಹಾಕಿದವು. ಅದು ಬರಿಯ ಸದಾಶಯದ ಪತ್ರವಾಗಿರದೆ ಕಾನೂನಿನ ಬಲವುಳ್ಳದ್ದಾಗಿತ್ತು. ಮಾತು ತಪ್ಪಿದರೆಂಬ ದೂರು ಹೇಗ್ ನಗರದ ಮಧ್ಯಸ್ಥಿಕೆ ನ್ಯಾಯಾಲಯದವರೆಗೂ ಹೋಯಿತು. 2018ರ ಜನವರಿಯಲ್ಲಿ ಒಂದು ಕಂಪನಿ 23 ಲಕ್ಷ ಡಾಲರ್ ತೆರಲೊಪ್ಪಿತು. ಅದರ ಬಹುಪಾಲು 150ಕ್ಕೂ ಹೆಚ್ಚು ಕಾರ್ಖಾನೆಗಳ ದುರಸ್ತಿಗೆ. ಸರಕು ಹೋದ ದಾರಿಯಲ್ಲಿಯೇ ಹೊಣೆಯೂ ಹಿಂದಿರುಗಿ ಬರಬಲ್ಲುದೆಂಬುದನ್ನು ನಾನು ಕಂಡುದು ಅಲ್ಲಿ.

ಇದು ನೆರೆಮನೆಯ ಕಥೆಯೆಂದು ನಾವು ನಿಟ್ಟುಸಿರಿಟ್ಟು ಸುಮ್ಮನಿರುವಂತಿಲ್ಲ. ಸಂಘ ಕಟ್ಟುವ ಮತ್ತು ಸಾಮೂಹಿಕವಾಗಿ ಚೌಕಾಸಿ ಮಾಡುವ ಹಕ್ಕುಗಳನ್ನು ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 87 ಮತ್ತು 98ನೆಯ ಒಡಂಬಡಿಕೆಗಳನ್ನು ಬಾಂಗ್ಲಾದೇಶ 1972ರಲ್ಲಿಯೇ ಅನುಮೋದಿಸಿದೆ. ಪಾಲಿಸಿತೇ ಎಂಬುದು ಬೇರೆ ಮಾತು. ಭಾರತ ಅವೆರಡನ್ನೂ ಅನುಮೋದಿಸಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ, ಹೊಸೂರು ರಸ್ತೆಯಲ್ಲಿ, ನಮ್ಮ ಹೆಣ್ಣುಮಕ್ಕಳು ಹೊಲಿಯುವುದೂ ಹೊರನಾಡಿನ ಅಂಗಡಿಗಳಿಗಾಗಿಯೇ. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂಬ ನಿಯಮ 2016ರಲ್ಲಿ ಬಂದಾಗ, ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಂದಿ ಕೆಲಸ ಬಿಟ್ಟು ರಸ್ತೆಗಿಳಿದರು. ಕರೆಕೊಟ್ಟ ಸಂಘವೊಂದಿರಲಿಲ್ಲ, ಮುಂದೆ ನಿಂತ ನಾಯಕನಿರಲಿಲ್ಲ. ಹೆದ್ದಾರಿಗಳು ಸ್ತಬ್ಧವಾದವು, ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿಗಳು ಬೀಸಿದವು. 19ರಂದೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.