ಯಂತ್ರದ ಕಣ್ತಪ್ಪಿಸುವ ಕ್ಷಣ

ಪೂರ್ತಿ ಕೆಟ್ಟು ನಿಂತ ಯಂತ್ರವನ್ನು ರಿಪೇರಿ ಮಾಡುವುದು ಅಷ್ಟು ಕಷ್ಟವಲ್ಲ. ನಿಜವಾದ ತಲೆನೋವು, ದಿನಕ್ಕೆ ಎರಡು ಸಲ ತಪ್ಪಿ ಉಳಿದ ಹೊತ್ತೆಲ್ಲ ಸರಿಯಾಗಿ ಓಡುವ ಯಂತ್ರದ್ದು. ಮೆಕ್ಯಾನಿಕ್ ಬಂದು ನಿಂತಾಗ ಅದು ಬಹಳ ಸಾಧು. ಸೆನ್ಸರ್ ಬದಲಾಯಿಸುತ್ತಾರೆ, ವೈರು ಬದಲಾಯಿಸುತ್ತಾರೆ, ಕೊನೆಗೆ ರಾತ್ರಿ ಪಾಳಿಯ ಆಪರೇಟರ್ ಮೇಲೆ ತಪ್ಪು ಹೊರಿಸುತ್ತಾರೆ. ಇಂಥ ಎಷ್ಟೋ ತೊಂದರೆಗಳಲ್ಲಿ ಬಿಡಿಭಾಗಗಳೆಲ್ಲ ಚೆನ್ನಾಗಿಯೇ ಇರುತ್ತವೆ. ಒಂದಕ್ಕೊಂದು ಹೊಂದಬೇಕಾದ ವೇಳೆ ಮಾತ್ರ ತಪ್ಪಿರುತ್ತದೆ.

ಇದು ಹೇಗೆಂದು ತಿಳಿಯಲು, ಯಂತ್ರಗಳನ್ನು ನಡೆಸುವ ಪಿಎಲ್‌ಸಿ ಎಂಬ ನಿಯಂತ್ರಕದ ರೀತಿಯನ್ನು ನೋಡಬೇಕು. ರಿಲೇಗಳಿಂದ ತುಂಬಿದ ಬೀರುಗಳಿಗೆ ಬದಲಿ ಬೇಕೆಂದು ಅಮೆರಿಕದ ಜನರಲ್ ಮೋಟಾರ್ಸ್ 1968ರಲ್ಲಿ ಕೇಳಿದ ಕಾಲದಲ್ಲಿ ಹುಟ್ಟಿದ ಸಾಧನ ಇದು. ಡಿಕ್ ಮೋರ್ಲಿ ಮತ್ತು ಸಂಗಡಿಗರ ಮೋಡಿಕಾನ್ 084 ಈ ಜಾತಿಯ ಮೊದಲಿಗರಲ್ಲಿ ಒಂದು. ಪಿಎಲ್‌ಸಿ ಮೊದಲು ಎಲ್ಲ ಸೆನ್ಸರ್‌ಗಳ ಸ್ಥಿತಿಯನ್ನು ಒಮ್ಮೆ ಓದಿಕೊಳ್ಳುತ್ತದೆ, ಬಳಿಕ ಪ್ರೋಗ್ರಾಮನ್ನು ಮೊದಲಿನಿಂದ ಕೊನೆಯವರೆಗೆ ನಡೆಸುತ್ತದೆ, ಆಮೇಲೆ ಮೋಟಾರು, ವಾಲ್ವುಗಳಿಗೆ ಆಜ್ಞೆ ಕೊಡುತ್ತದೆ. ಈ ಸುತ್ತಿಗೆ ಸ್ಕ್ಯಾನ್ ಎಂದು ಹೆಸರು. ಗಂಟೆಗೊಮ್ಮೆ ಗಸ್ತು ಬರುವ ಕಾವಲುಗಾರನ ಹಾಗೆ. ಎರಡು ಗಸ್ತುಗಳ ನಡುವೆ ಬಂದು ಹೋದವನು ಅವನ ಪಾಲಿಗೆ ಬಂದೇ ಇಲ್ಲ.

ಒಂದು ಲೆಕ್ಕ ಹಾಕೋಣ. ಕನ್ವೇಯರ್ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಓಡುತ್ತಿದೆ. ಡಬ್ಬಿಯ ಮೇಲಿನ ಗುರುತು 15 ಮಿಲಿಮೀಟರ್ ಅಗಲ. ಅಂದರೆ ಸೆನ್ಸರಿನ ಮುಂದೆ ಅದು ಇರುವುದು 15 ಮಿಲಿಸೆಕೆಂಡ್ ಮಾತ್ರ. ಸ್ಕ್ಯಾನ್ 12 ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದ್ದರೆ ಒಂದು ಡಬ್ಬಿಯೂ ತಪ್ಪದು. ಮುಂದೆ ಯಾರೋ ಪಾಳಿಯ ವರದಿ ಕಳಿಸುವ ಭಾಗವನ್ನು ಪ್ರೋಗ್ರಾಮಿಗೆ ಸೇರಿಸುತ್ತಾರೆ. ವರದಿ ಹೋಗುವಾಗ ಸ್ಕ್ಯಾನ್ 20 ಮಿಲಿಸೆಕೆಂಡಿಗೆ ಹಿಗ್ಗುತ್ತದೆ. ಆ ಹೊತ್ತಿನಲ್ಲಿ ಸರಾಸರಿ ನಾಲ್ಕು ಡಬ್ಬಿಗಳಲ್ಲಿ ಒಂದು ಕಾಣದೆ ದಾಟಿಹೋಗಬಹುದು. ಉಳಿದ ಹೊತ್ತಿನಲ್ಲಿ ಎಲ್ಲವೂ ಸರಿ. ಇನ್‌ಪುಟ್ ಕಾರ್ಡಿನ ಪುಟ್ಟ ದೀಪವಂತೂ ಪ್ರತಿ ಡಬ್ಬಿಗೂ ಮಿನುಗುತ್ತಲೇ ಇರುತ್ತದೆ! ದೀಪವನ್ನು ನಂಬಿದವರು ಪ್ರೋಗ್ರಾಮನ್ನು ಅನುಮಾನಿಸುವುದಿಲ್ಲ.

ಹಾಗಾದರೆ ಪತ್ತೆ ಹೇಗೆ? ಮೊದಲು ಯಾವುದನ್ನೂ ಬಿಚ್ಚಬೇಡಿ. ತಪ್ಪು ಯಾವ ಹೊತ್ತಿನಲ್ಲಿ, ಯಾವ ವೇಗದಲ್ಲಿ, ಬೇರೆ ಏನು ನಡೆಯುತ್ತಿದ್ದಾಗ ಆಯಿತೆಂದು ಆಪರೇಟರ್ ಕೈಯಲ್ಲಿ ಬರೆಸಿ. ಅವನ ಒಂದು ವಾರದ ಟಿಪ್ಪಣಿ ದುಬಾರಿ ಉಪಕರಣಕ್ಕಿಂತ ಹೆಚ್ಚು ಹೇಳುವುದುಂಟು. ಆಮೇಲೆ ಸ್ಕ್ಯಾನ್ ಸಮಯ ನೋಡಿ. ಹೆಚ್ಚಿನ ಪಿಎಲ್‌ಸಿಗಳು ಅದನ್ನು ತಾವೇ ದಾಖಲಿಸಿಕೊಳ್ಳುತ್ತವೆ. ನಿಮಗೆ ಬೇಕಾದದ್ದು ಸರಾಸರಿಯಲ್ಲ, ಅತಿ ಹೆಚ್ಚಿನ ಅಂಕಿ. ಇನ್ನೊಂದು ಹಳೆಯ ಉಪಾಯವಿದೆ. ಖಾಲಿ ಇರುವ ಒಂದು ಟ್ರಾನ್ಸಿಸ್ಟರ್ ಔಟ್‌ಪುಟ್ಟನ್ನು ಪ್ರತಿ ಸ್ಕ್ಯಾನಿಗೂ ಒಮ್ಮೆ ಆನ್, ಒಮ್ಮೆ ಆಫ್ ಆಗುವಂತೆ ಬರೆದು ಆಸಿಲೋಸ್ಕೋಪಿಗೆ ಜೋಡಿಸಿ. ಎರಡನೆಯ ಚಾನೆಲ್ಲಿಗೆ ಸೆನ್ಸರ್ ಕೊಡಿ. ಯಾವುದು ಅಗಲ, ಯಾವುದು ಕಿರಿದು ಎಂಬುದು ಪರದೆಯ ಮೇಲೆಯೇ ಕಾಣುತ್ತದೆ. ಕನ್ವೇಯರನ್ನು ಅರ್ಧ ವೇಗಕ್ಕೆ ಇಳಿಸಿದಾಗ ತಪ್ಪು ಮಾಯವಾದರೆ ಅದೂ ಒಂದು ಸುಳಿವು. ಆದರೆ ಡಬ್ಬಿ ಕುಣಿಯುವುದೂ ಆಗ ನಿಲ್ಲುತ್ತದೆ, ಆದ್ದರಿಂದ ಅದೊಂದನ್ನೇ ನಂಬಬಾರದು.

ತಪ್ಪು ನಿಯತವಾಗಿ, ಇಷ್ಟಿಷ್ಟು ನಿಮಿಷಕ್ಕೊಮ್ಮೆ ಬರುತ್ತಿದ್ದರೆ ಎರಡು ಬೇರೆ ಬೇರೆ ಸುತ್ತುಗಳು ಒಂದಕ್ಕೊಂದು ಅಡ್ಡ ಬರುತ್ತಿವೆಯೇ ಎಂದು ಹುಡುಕಿ. 8 ಅಕ್ಷರದ ತಾಳವನ್ನೂ 3 ಅಕ್ಷರದ ತಾಳವನ್ನೂ ಒಟ್ಟಿಗೆ ಹಾಕಿದರೆ 24 ಅಕ್ಷರಗಳಿಗೊಮ್ಮೆ ಎರಡರ ಸಮವೂ ಒಂದೆಡೆ ಬೀಳುವುದಲ್ಲವೇ? ಸ್ಕ್ಯಾನ್ ಮತ್ತು ಅದಕ್ಕೆ ಸುದ್ದಿ ತರುವ ಜಾಲದ ನಡುವೆಯೂ ಇದೇ ಆಟ.

ಕಾರಣ ಗೊತ್ತಾದ ಮೇಲೆ ಪರಿಹಾರ ದೊಡ್ಡದಲ್ಲ. ವೇಗದ ಕೌಂಟರ್ ಇನ್‌ಪುಟ್ ಬಳಸಬಹುದು, ಇಲ್ಲವೇ ವರದಿಯ ಕೆಲಸವನ್ನು ಹಲವು ಸ್ಕ್ಯಾನ್‌ಗಳಿಗೆ ಹಂಚಬಹುದು. ಕಾರಣ ತಿಳಿಯದೆಯೇ ಅಲ್ಲಲ್ಲಿ ಟೈಮರ್ ತುರುಕಿ ತಪ್ಪನ್ನು ಅಡಗಿಸುವ ಅಭ್ಯಾಸವೂ ಇದೆ. ಅದು ನನಗೆ ಒಪ್ಪಿಗೆಯಿಲ್ಲ. ಡಬ್ಬಿ ಎಣಿಸುವಲ್ಲಿ ಅದರಿಂದ ನಷ್ಟ ಹಣದ್ದು. ಪವರ್ ಪ್ರೆಸ್ಸಿನಲ್ಲಿ ಬೆರಳಿನದು.

ಪ್ರೆಸ್ಸಿನ ಮುಂದಿನ ಲೈಟ್ ಕರ್ಟನ್ ಅನ್ನು ಕೈ ದಾಟಿದೊಡನೆ ಯಂತ್ರ ನಿಲ್ಲಬೇಕು. ಅಪಾಯದ ಜಾಗದಿಂದ ಅದು ಎಷ್ಟು ದೂರವಿರಬೇಕೆಂದು ಲೆಕ್ಕ ಹಾಕಲು ಐಎಸ್‌ಒ 13855 ಎಂಬ ಅಂತಾರಾಷ್ಟ್ರೀಯ ಮಾನಕವಿದೆ. ಅದು ಹತ್ತಿರದ ಅಂತರಗಳಿಗೆ ಕೈಯ ವೇಗವನ್ನು ಸೆಕೆಂಡಿಗೆ 2 ಮೀಟರ್ ಎಂದು ಹಿಡಿಯುತ್ತದೆ. ನಿಲ್ಲುವ ಹಾದಿಯಲ್ಲಿ 50 ಮಿಲಿಸೆಕೆಂಡ್ ಹೆಚ್ಚಾದರೆ ಕೈ 10 ಸೆಂಟಿಮೀಟರ್ ಒಳಗೆ ಹೋಗಿರುತ್ತದೆ. ಈ 50 ಮಿಲಿಸೆಕೆಂಡ್ ಟೈಮರಿನಿಂದಲೇ ಬರಬೇಕೆಂದಿಲ್ಲ, ಸವೆದ ಬ್ರೇಕಿನಿಂದಲೂ ಬರುತ್ತದೆ. ಪ್ರೆಸ್ ಹೊಸದಾಗಿದ್ದಾಗ ಬರೆದಿಟ್ಟ ನಿಲುಗಡೆ ಸಮಯ ಇಂದಿನ ಬ್ರೇಕಿಗೆ ಸಲ್ಲದು. ಅದನ್ನು ಆಗಾಗ ಯಂತ್ರದ ಮೇಲೆಯೇ ಅಳೆಯಬೇಕು. ಅಂಕಿ ಬೆಳೆದಿದ್ದರೆ ಬ್ರೇಕ್ ಸರಿಯಾಗುವವರೆಗೆ, ಇಲ್ಲವೇ ಕರ್ಟನ್ ಹಿಂದಕ್ಕೆ ಸರಿಯುವವರೆಗೆ ಆ ಪ್ರೆಸ್ ಓಡಬಾರದು.