ದಾನವೋ, ಸಾಲವೋ: ಟೋಂಗಾ ದ್ವೀಪಗಳ ಪಾಠ

(ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಶಾಂತಸಾಗರದ ನಡುವೆ ಟೋಂಗಾ ಎಂಬ ದೇಶವಿದೆ. ಜನಸಂಖ್ಯೆ ಸುಮಾರು 1 ಲಕ್ಷ. ಅದೂ ಹತ್ತಾರು ದ್ವೀಪಗಳಲ್ಲಿ ಚದುರಿದ ಜನ. ಒಂದು ಬಂದರುಕಟ್ಟೆ ಕಟ್ಟಬೇಕಾದರೆ ದೊಡ್ಡ ದೇಶಕ್ಕೆ ಹಿಡಿಯುವಷ್ಟೇ ಕಲ್ಲು, ಕಬ್ಬಿಣ, ಸಿಮೆಂಟು ಅಲ್ಲಿಯೂ ಹಿಡಿಯುತ್ತದೆ. ಖರ್ಚು ಹಂಚಿಕೊಳ್ಳುವ ತಲೆಗಳು ಮಾತ್ರ ಕಡಿಮೆ. ಹೀಗಾಗಿ ಇಂಥ ದೇಶ ಹೊರಗಿನವರ ಹಣ ಕೇಳದೆ ಗತಿಯಿಲ್ಲ. ಹೇಗೆ ಕೇಳಬೇಕು, ಯಾರ ಬಳಿ ಕೇಳಬೇಕು, ಯಾವ ಕರಾರಿಗೆ ರುಜು ಹಾಕಬೇಕು ಎಂಬುದನ್ನು ಇಂದು ವಿಚಾರಮಾಡೋಣ.

2006ರ ನವೆಂಬರಿನಲ್ಲಿ ಟೋಂಗಾದ ರಾಜಧಾನಿ ನುಕುಅಲೋಫಾದಲ್ಲಿ ದೊಂಬಿಯಾಯಿತು. ಪೇಟೆಯ ಬಹುಭಾಗ ಸುಟ್ಟುಹೋಯಿತು. ಮತ್ತೆ ಕಟ್ಟಲು ಸರ್ಕಾರ ಚೀನದ ರಫ್ತು-ಆಮದು ಬ್ಯಾಂಕಿನಿಂದ ಸಾಲ ತಂದಿತು. ರಸ್ತೆಗಳಿಗೆಂದು ಇನ್ನೊಂದು ಸಾಲ ಬಂತು. ಬಡ್ಡಿ ವರ್ಷಕ್ಕೆ ಶೇಕಡ 2. ಕೈಸಾಲ ಮಾಡಿ ವಾರವಾರ ಬಡ್ಡಿ ಕಟ್ಟುವ ನಮ್ಮವರಿಗೆ ಇದು ಧರ್ಮವೆಂದೇ ತೋರೀತು. ಆದರೆ ಬಡ್ಡಿಯೊಂದನ್ನೇ ನೋಡಿ ಸಾಲವನ್ನು ಅಳೆಯಬಾರದು. ಸಾಲ ಚೀನದ ನಾಣ್ಯದಲ್ಲಿತ್ತು. ಆ ನಾಣ್ಯದ ಬೆಲೆ ಏರಿದರೆ ಅಸಲೇ ಬೆಳೆಯುತ್ತದೆ. ಕಟ್ಟುವ ಗುತ್ತಿಗೆ ಚೀನದ ಕಂಪನಿಗಳಿಗೆ. ಹೀಗೆ ಬಂದ ಹಣದ ದೊಡ್ಡ ಪಾಲು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ. ಸಾಲದ ಲೆಕ್ಕ ಮಾತ್ರ ಊರಿನಲ್ಲಿ ಉಳಿಯುತ್ತದೆ.

2018ರ ಹೊತ್ತಿಗೆ ಆ ಸಾಲ 11 ಕೋಟಿ ಡಾಲರಿಗೂ ಮಿಕ್ಕಿತ್ತು. ಹಸುಗೂಸಿನಿಂದ ಮುದುಕರವರೆಗೆ ತಲೆಗೆ 1,000 ಡಾಲರಿಗೂ ಹೆಚ್ಚು! ಆಗ ಪ್ರಧಾನಿಯಾಗಿದ್ದ ಅಕಿಲಿಸಿ ಪೊಹಿವಾ ಅವರು ನಮ್ಮಂತೆಯೇ ಮೊದಲು ಉಪಾಧ್ಯಾಯರಾಗಿದ್ದವರು. ದ್ವೀಪದೇಶಗಳೆಲ್ಲ ಒಟ್ಟಾಗಿ ಸಾಲಮನ್ನಾ ಕೇಳೋಣವೆಂದು ಅವರು ಆ ವರ್ಷದ ಆಗಸ್ಟಿನಲ್ಲಿ ಹೇಳಿದರು. ಕೆಲವೇ ದಿನಗಳಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ನವೆಂಬರಿನಲ್ಲಿ ಟೋಂಗಾ ಚೀನದ ‘ಬೆಲ್ಟ್ ಅಂಡ್ ರೋಡ್’ ಯೋಜನೆಗೆ ಸೇರಿತು. ಅಸಲಿನ ಕಂತಿಗೆ 5 ವರ್ಷಗಳ ವಾಯಿದೆ ಸಿಕ್ಕಿತು. ವಾಯಿದೆ ಸಿಕ್ಕಿತೇ ಹೊರತು ಮನ್ನಾ ಆಗಲಿಲ್ಲ.

ಅದೇ ದೇಶದ ಇನ್ನೊಂದು ಕೆಲಸ ನೋಡಿ. 2013ರಲ್ಲಿ ಫಿಜಿಯಿಂದ ಟೋಂಗಾಕ್ಕೆ 800 ಕಿಲೋಮೀಟರಿಗೂ ಹೆಚ್ಚು ಉದ್ದದ ಕೇಬಲನ್ನು ಸಮುದ್ರದ ತಳದಲ್ಲಿ ಹಾಕಿದರು. ಅದಕ್ಕೆ ವಿಶ್ವಬ್ಯಾಂಕೂ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕೂ ಕೊಟ್ಟ ಹಣ ದಾನ. 2022ರ ಜನವರಿಯಲ್ಲಿ ಜ್ವಾಲಾಮುಖಿ ಸಿಡಿದು, ಸುನಾಮಿ ಎದ್ದು, ಆ ಕೇಬಲ್ ತುಂಡಾಯಿತು. ಹೊರಲೋಕದೊಡನೆ ಅದರ ಸಂಪರ್ಕ ಮತ್ತೆ ಕೂಡಿಕೊಳ್ಳಲು ಐದು ವಾರ ಹಿಡಿಯಿತು. ಆ ಅನಾಹುತದ ನಷ್ಟ ಸುಮಾರು 9 ಕೋಟಿ ಡಾಲರು, ದೇಶದ ವರ್ಷದ ಉತ್ಪನ್ನದ ಶೇಕಡ 18.5 ಎಂದು ವಿಶ್ವಬ್ಯಾಂಕು ಅಂದಾಜು ಮಾಡಿತು. ದಾನದಿಂದ ಕಟ್ಟಿದ್ದು ಮುರಿದರೆ ರಿಪೇರಿಯ ಖರ್ಚು ಮಾತ್ರ. ಸಾಲದಿಂದ ಕಟ್ಟಿದ್ದು ಮುರಿದರೆ ರಿಪೇರಿಯೂ ಉಂಟು, ಕಂತೂ ಉಂಟು.

ಹಾಗಾದರೆ ಎಲ್ಲವನ್ನೂ ದಾನವಾಗಿ ಏಕೆ ಕೇಳುವುದಿಲ್ಲ ಎನ್ನುವಿರಿ. ದಾನಕ್ಕೆ ಕಾಗದಪತ್ರ ಬಹಳ, ಕಾಯುವುದು ಬಹಳ. ಸಾಲ ಕೊಡುವವನು ಬೇಗ ಬರುತ್ತಾನೆ. ಮದುವೆಗೆ ಮೂರು ದಿನ ಇರುವಾಗ ಸಾಹುಕಾರನೇ ಹತ್ತಿರದವನಾಗುವುದಿಲ್ಲವೆ? ಆದರೂ ದ್ವೀಪಗಳಿಗೆ ಬಾಗಿಲುಗಳಿವೆ. 1985ರಿಂದ ವಿಶ್ವಬ್ಯಾಂಕಿನ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಘವು ಸಣ್ಣ ದ್ವೀಪಗಳಿಗೆ ತಲಾ ಆದಾಯದ ಮಿತಿಯನ್ನು ಸಡಿಲಿಸಿದೆ; ಸಾಲದ ಅಪಾಯ ಹೆಚ್ಚಿರುವ ಬಡ ದೇಶಗಳಿಗೆ ದಾನವನ್ನೇ ಕೊಡುತ್ತದೆ. ಮೊದಲು ಆ ಬಾಗಿಲನ್ನು ತಟ್ಟಬೇಕು.

ಸಾಲ ತರಲೇಬೇಕಾದರೆ ನಾಲ್ಕು ಪ್ರಶ್ನೆ ಕೇಳಬೇಕು. ಯಾವ ನಾಣ್ಯದಲ್ಲಿ ತೀರಿಸಬೇಕು? ಕೆಲಸ ಮಾಡುವವರು ಯಾರ ಜನ, ಸಾಮಾನು ಯಾರದು? ಬಿರುಗಾಳಿ ಬಂದ ವರ್ಷ ಕಂತು ನಿಲ್ಲುತ್ತದೆಯೆ? ಕರಾರನ್ನು ಶಾಸನಸಭೆಯ ಮುಂದೆ ಇಟ್ಟಿದ್ದಾರೆಯೆ?

ಮೂರನೆಯ ಪ್ರಶ್ನೆ ಬರೀ ಮಾತಲ್ಲ. ಕೆರಿಬಿಯನ್ ಸಮುದ್ರದ ಗ್ರೆನಡಾ ದೇಶ 2015ರಲ್ಲಿ ತನ್ನ ಸಾಲಗಳನ್ನು ಮರುಹೊಂದಿಸುವಾಗ ಚಂಡಮಾರುತದ ಷರತ್ತು ಸೇರಿಸಿತು. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಹೊಡೆದಾಗ ಆ ಷರತ್ತನ್ನು ಮುಂದಿಟ್ಟು ಕಂತು ಮುಂದೂಡಿತು. ಕಾಗದದ ಒಂದು ಸಾಲು ಆ ವರ್ಷ ಜನರ ಸೂರಿಗೆ ಹಣ ಉಳಿಸಿತು.

ಇನ್ನು ಒಗ್ಗಟ್ಟು. ಮ್ಯಾನೇಜರನ ಬಾಗಿಲಲ್ಲಿ ಒಬ್ಬನೇ ನಿಂತ ಕೆಲಸಗಾರನಿಗೆ ಏನು ಸಿಗುತ್ತದೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ದ್ವೀಪದೇಶಗಳು 1990ರಲ್ಲಿ ತಮ್ಮದೊಂದು ಕೂಟ ಕಟ್ಟಿಕೊಂಡವು. ಏರುವ ಕಡಲಿನಿಂದ ಆಗುವ ನಷ್ಟವನ್ನು ಹೊಗೆ ಉಗುಳಿದ ಶ್ರೀಮಂತ ದೇಶಗಳು ತುಂಬಿಕೊಡಬೇಕೆಂದು 1991ರಲ್ಲಿ ವನುವಾಟು ಆ ಕೂಟದ ಪರವಾಗಿ ಕೇಳಿತು. ನಷ್ಟಪರಿಹಾರ ನಿಧಿ ಸ್ಥಾಪಿಸಲು ಜಗತ್ತು ಒಪ್ಪಿದ್ದು 2022ರಲ್ಲಿ, ಈಜಿಪ್ಟಿನ ಶರ್ಮ್ ಎಲ್ ಶೇಖ್ ಸಮ್ಮೇಳನದಲ್ಲಿ. 31 ವರ್ಷ! ಬಿಡದೆ ಕೇಳಿದರು, ಕೂಡಿ ಕೇಳಿದರು. ನಿಧಿಗೆ ಹಣ ತುಂಬಿಸುವ ಹೋರಾಟ ಇನ್ನೂ ಮುಗಿದಿಲ್ಲ.

ಗೆಳೆಯರೆ, ಹೊಗೆ ಯಾರದೋ, ಮುಳುಗುವ ಮನೆ ಯಾರದೋ. ಅಂದಮೇಲೆ ದ್ವೀಪದವರು ಕೇಳುವುದು ಭಿಕ್ಷೆಯಲ್ಲ, ಬಾಕಿ. ಬಾಕಿ ಕೇಳುವವನು ತಲೆ ತಗ್ಗಿಸಬೇಕಾಗಿಲ್ಲ. ಲೆಕ್ಕದ ಪುಸ್ತಕ ಮಾತ್ರ ಅವನ ಕೈಯಲ್ಲೇ ಇರಬೇಕು.